ಗಂಟಲು ಬೇರೆ, ಗುಂಡಿಗೆ ಬೇರೆ!

ತೆರೆಯ ಮೇಲೆ ಗುಡುಗಿದ ಕಾರು... ಬಾನೆಟ್ ಒಳಗಿನ ಉಸಿರಿನ ಗುಟ್ಟು!

1976ರ ಆಗಸ್ಟ್ ತಿಂಗಳು. ಬೆಳಗಿನ ಜಾವ. ಪ್ಯಾರಿಸ್ ನಗರ ಇನ್ನೂ ಕಣ್ಣು ಬಿಟ್ಟಿಲ್ಲ. ಸುರಂಗದ ಕತ್ತಲೆಯಿಂದ ಒಂದು ಕಾರು ಚಿಮ್ಮಿ ಬರುತ್ತದೆ. ಕಾರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬೀಳುವುದು ಅದರ ಮುಂದೆ ಓಡುವ ರಸ್ತೆ ಮಾತ್ರ. ಆದರೆ ಆ ಸದ್ದು... ಅಬ್ಬಬ್ಬಾ! ಗೇರು ಬದಲಾದಾಗಲೆಲ್ಲ ಎದೆ ಝಲ್ ಎನ್ನುತ್ತದೆ. ಕೆಂಪು ದೀಪಕ್ಕೆ ನಿಲ್ಲೋ ಮಾತೇ ಇಲ್ಲ. ಪಾರಿವಾಳಗಳು ದಿಕ್ಕಾಪಾಲು! ಆರ್ಕ್ ದ ತ್ರಿಯಾಂಫ್, ಶಾಂಜ್ ಎಲಿಜೆ, ಒಪೆರಾ ಎಲ್ಲ ಹಿಂದೆ ಸರಿದು, ಕೊನೆಗೆ ಮಾಂಟ್‌ಮಾರ್ತ್ ಗುಡ್ಡದ ನೆತ್ತಿಯಲ್ಲಿ ಕಾರು ನಿಲ್ಲುತ್ತದೆ. ಮೆಟ್ಟಿಲು ಹತ್ತಿ ಬರುತ್ತಾಳೆ ಒಬ್ಬ ಚೆಲುವೆ. ಅಪ್ಪುಗೆ... ಚಿತ್ರ ಮುಗಿಯಿತು!

ಎಂಟೂವರೆ ನಿಮಿಷದ ಆಸುಪಾಸು, ಒಂದೇ ಶಾಟ್. ಚಿತ್ರದ ಹೆಸರು 'ಸೆತೆ ಅನ್ ರಾಂದೆವೂ'. ನಿರ್ದೇಶಕ ಕ್ಲೋದ್ ಲೆಲೂಶ್. ಸ್ಟಿಯರಿಂಗ್ ಹಿಡಿದವರೂ ಅವರೇ!

ಕಾರು ಯಾವುದು? ಸದ್ದು ಕೇಳಿದವರೆಲ್ಲ ಫೆರಾರಿ ಎಂದು ಆಣೆ ಇಟ್ಟು ಹೇಳಿದರು. ಆದರೆ ಓಡಿದ್ದು ಲೆಲೂಶ್ ಅವರ ಮರ್ಸಿಡಿಸ್ 450 ಎಸ್‌ಇಎಲ್ 6.9. ನಾಲ್ಕು ಬಾಗಿಲಿನ, ಸಾಹುಕಾರರು ಹಿಂದಿನ ಸೀಟಿನಲ್ಲಿ ಒರಗಿ ಕೂರುವ ಕಾರು! ಎಣ್ಣೆ ಮತ್ತು ಅನಿಲದ ಒತ್ತಡದಲ್ಲಿ ನಿಲ್ಲುವ ಸಸ್ಪೆನ್ಷನ್ ಅದರದು. ರಸ್ತೆಯ ಕಲ್ಲುಹಾಸಿನ ಮೇಲೂ ಕ್ಯಾಮೆರಾ ಕುಲುಕದಿರಲು ಅದೇ ಬೇಕಿತ್ತು. ಸದ್ದು ಮಾತ್ರ ಅವರದೇ ಇನ್ನೊಂದು ಕಾರಿನದು. ಫೆರಾರಿ 275 ಜಿಟಿಬಿ! ಬೇರೆ ಓಡಿಸಿ, ಧ್ವನಿ ಹಿಡಿದು, ಚಿತ್ರಕ್ಕೆ ಅಂಟಿಸಿದ್ದು. ನಮ್ಮಲ್ಲಿ ನಾಯಕಿಯ ತುಟಿಗೆ ಬೇರೆಯವರ ಕಂಠ ಕೊಡುವುದಿಲ್ಲವೇ, ಹಾಗೇ ಕಾರಿಗೂ ಡಬ್ಬಿಂಗ್!

(ಜನ ಓಡಾಡುವ ರಸ್ತೆಯಲ್ಲಿ ಹಾಗೆ ಓಡಿಸಿದ್ದು ತಪ್ಪೇ. ಅಂದು ಯಾರಿಗೂ ಏನೂ ಆಗಲಿಲ್ಲ, ಅದು ಅದೃಷ್ಟ. ನೋಡಿ ಬೆರಗಾಗೋಣ, ಮಾಡೋದು ಬೇಡ.)

ಈ ಡಬ್ಬಿಂಗ್ ಕತೆ ಎರಡು ವರ್ಷ ಮುಂಚೆ ಗೊತ್ತಾಗಿದ್ದರೆ ನನ್ನ ಗೆಳೆಯನೊಬ್ಬನ ಚೀಟಿ ದುಡ್ಡು ಉಳಿಯುತ್ತಿತ್ತು ಕಣ್ರೀ!

ಒಂದೂವರೆ ಲಕ್ಷದ ಗುಡುಗು

ಗೆಳೆಯನದು ಬಾಡಿಗೆ ಕಾರಿನ ವ್ಯವಹಾರ. ಮದುವೆ, ಶೂಟಿಂಗು ಇಂಥವಕ್ಕೇ ಹೆಚ್ಚು. ಎರಡನೇ ಕೈಯಲ್ಲಿ ಒಂದು ದೊಡ್ಡ ವಿದೇಶಿ ಕಾರು ಕೊಂಡಿದ್ದ. ಪೆಟ್ರೋಲಿನದು, ಆರು ಸಿಲಿಂಡರು, ಟರ್ಬೊ ಇಲ್ಲ. ನೋಡೋಕೆ ರಾಜಠೀವಿ, ಪಿಕಪ್ ಮಾತ್ರ ಎಮ್ಮೆ! 'ಕುದುರೆ ಶಕ್ತಿ ಏರಿಸಬೇಕು ಗುರೂ' ಅಂತ ಒಂದೇ ವರಾತ. ಚೀಟಿ ಎತ್ತಿದ. ಯಾವುದೋ ಅಂಗಡಿಯವನು ಬಾನೆಟ್ ಒಳಗೆ ಬಾಯಿ ತೆರೆದ ಕೆಂಪು ಫಿಲ್ಟರ್ ಹಾಕಿ, ಹಿಂದೆ ಮೊಣಕೈ ತೂರುವಷ್ಟು ಅಗಲದ ಕೊಳವೆ ಸಿಕ್ಕಿಸಿ ಕಳಿಸಿದ. ಒಂದೂವರೆ ಲಕ್ಷ ರೂಪಾಯಿ!

ಕೀಲಿ ತಿರುಗಿಸಿದರೆ ಬೀದಿ ನಾಯಿಗಳೆಲ್ಲ ಎದ್ದು ನಿಂತವು. 'ಹೆಂಗೆ?' ಎಂದ ಗೆಳೆಯ. 'ಹುಲಿ' ಎಂದೆ ನಾನು. ನಾನೂ ಸದ್ದಿಗೇ ಮರುಳಾಗಿದ್ದೆ!

ನಂದಿ ಬೆಟ್ಟದ ಏರಿನಲ್ಲಿ ಬಣ್ಣ ಬಯಲಾಯಿತು. ಮೊದಲು ಹೇಗೋ ಹತ್ತುತ್ತಿದ್ದ ತಿರುವಿನಲ್ಲಿ ಈಗ ಉಸ್ಸಪ್ಪಾ ಅಂತ ಕೆಳಗಿನ ಗೇರಿಗೆ ಇಳಿಯಿತು. ಹುಲಿಯ ಗಂಟಲು, ಮೇಕೆಯ ಗುಂಡಿಗೆ!

ಆಗ ನನಗೆ ನೆನಪಾದವರು ನನ್ನ ಹಳೇ ಮೇಸ್ತ್ರಿ. ಪಿಯುಸಿ ಬಿಟ್ಟ ಮೇಲೆ ಎಂಟು ತಿಂಗಳು ಅವರ ಗ್ಯಾರೇಜಿನಲ್ಲಿ ಫಿಲ್ಟರ್ ಒದರಿದವನು ನಾನು. ಮೊದಲ ದಿನವೇ ನನ್ನ ಕೈಗೆ ಎಳನೀರಿನ ಸ್ಟ್ರಾ ಕೊಟ್ಟು, 'ಲೇ ತಮ್ಮಾ, ಮೂಗು ಮುಚ್ಕೊಂಡು ಇದರಲ್ಲೇ ಉಸಿರಾಡ್ತಾ ಆ ಗೇಟ್ ತನಕ ಓಡಿ ಬಾ' ಎಂದಿದ್ದರು. ಅರ್ಧ ದಾರಿಗೇ ಕಣ್ಣು ಕತ್ತಲೆ! 'ತಿಳೀತಾ? ಪೆಟ್ರೋಲು ಎಷ್ಟು ಬೇಕಾದ್ರೂ ಸುರೀಬಹುದು ಕಣೋ. ಗಾಳಿ ತುಂಬೋದೇ ಕಷ್ಟ' ಎಂದು ನಕ್ಕಿದ್ದರು.

ಆ ಮಾತಿನ ತೂಕ ತಿಳಿಯಬೇಕಾದರೆ ಪ್ಯಾರಿಸ್ ಬಿಟ್ಟು ಜರ್ಮನಿಗೆ ಹೋಗಬೇಕು.

'ಕೆಂಪು ಹಂದಿ'ಯ ಓಟ

1967ರಲ್ಲಿ ಹಾನ್ಸ್ ವೆರ್ನರ್ ಔಫ್ರೆಷ್ಟ್, ಎರ್ಹಾರ್ಡ್ ಮೆಲ್ಷರ್ ಎಂಬಿಬ್ಬರು ಹಳೇ ಗಿರಣಿಯೊಂದರಲ್ಲಿ ಎಂಜಿನ್ ಕೆಲಸದ ಅಂಗಡಿ ತೆರೆದರು. ತಮ್ಮ ಹೆಸರುಗಳ ಮೊದಲಕ್ಷರಕ್ಕೆ ಔಫ್ರೆಷ್ಟರ ಹುಟ್ಟೂರು ಗ್ರೋಸಾಸ್‌ಪಾಖ್‌ನ 'ಜಿ' ಸೇರಿಸಿ 'ಎಎಂಜಿ' ಎಂದು ಹೆಸರಿಟ್ಟರು. ಇಂದು ಸಾಹುಕಾರರ ಕಾರಿನ ಹಿಂದೆ ಹೊಳೆಯುವ ಆ ಮೂರಕ್ಷರದ ಮೂಲ ಇದೇ!

ಅವರು ಕೈ ಹಾಕಿದ್ದು ಮರ್ಸಿಡಿಸ್ 300 ಎಸ್‌ಇಎಲ್ 6.3 ಎಂಬ ಭಾರಿ ಸೆಡಾನಿಗೆ. ಕಾರ್ಖಾನೆಯಿಂದ ಬಂದಾಗ ಅದರ ಎಂಟು ಸಿಲಿಂಡರಿನ ಎಂಜಿನ್ನಿಗೆ 250 ಕುದುರೆ ಶಕ್ತಿ. ಇವರು ಸಿಲಿಂಡರ್ ಕೊರೆದು 6,835 ಸಿಸಿಗೆ ಏರಿಸಿದರು. ದೊಡ್ಡ ಪಿಸ್ಟನ್, ಹಗುರ ಕನೆಕ್ಟಿಂಗ್ ರಾಡ್, ಹೊಸ ಕ್ಯಾಮ್ ಶಾಫ್ಟ್. ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ ಎರಡನ್ನೂ ತಿದ್ದಿದರು. 428 ಕುದುರೆ ಶಕ್ತಿ ಬಂತು!

1971ರ ಜುಲೈ. ಬೆಲ್ಜಿಯಂ ದೇಶದ ಸ್ಪಾ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಯ ರೇಸು. ಹಗುರ ಕಾರುಗಳ ನಡುವೆ ಒಂದೂವರೆ ಟನ್ನಿಗೂ ಮೀರಿದ ಕೆಂಪು ಸೆಡಾನು ಬಂದು ನಿಂತಾಗ ಹೇಗಿದ್ದಿರಬೇಕು ಹೇಳಿ! ಕುಸ್ತಿ ಅಖಾಡಕ್ಕೆ ಮದುವೆ ಮನೆಯ ಬೀಗರು ಇಳಿದ ಹಾಗೆ! ಹಾನ್ಸ್ ಹೇಯರ್, ಕ್ಲೆಮೆನ್ಸ್ ಶಿಕೆಂಟಾಂಜ್ ಸರದಿಯಲ್ಲಿ ಓಡಿಸಿದರು. ರೇಸು ಮುಗಿದಾಗ ಒಟ್ಟಾರೆ ಎರಡನೇ ಸ್ಥಾನ, ತನ್ನ ವರ್ಗದಲ್ಲಿ ಮೊದಲನೆಯದು! ಅದಕ್ಕೆ ಜನ ಇಟ್ಟ ಅಡ್ಡಹೆಸರು 'ಕೆಂಪು ಹಂದಿ'. ಆಮೇಲೆ ಆ ಕಾರು ಫ್ರಾನ್ಸಿನ ಮಾತ್ರಾ ಕಂಪನಿಗೆ ಮಾರಾಟವಾಗಿ, ವಿಮಾನದ ಚಕ್ರ ಪರೀಕ್ಷಿಸುವ ಗಾಡಿಯಾಯಿತು. ಎಷ್ಟಾದರೂ ಹೀರೋ ಬಾಳು ಹೀಗೇ ಅಲ್ಲವೇ? ಈಗ ಪ್ರದರ್ಶನದಲ್ಲಿ ಕಾಣುವುದು ಅದರ ಪಡಿಯಚ್ಚು.

ಇನ್ನು ತಮಾಷೆ ಕೇಳಿ. ಲೆಲೂಶ್ ಓಡಿಸಿದ 6.9 ಕಾರಿನಲ್ಲಿದ್ದದ್ದೂ ಅದೇ ವಂಶದ ಎಂಜಿನ್. ಅಳತೆ 6,834 ಸಿಸಿ. ಕೆಂಪು ಹಂದಿಗಿಂತ ಒಂದೇ ಒಂದು ಸಿಸಿ ಕಮ್ಮಿ! ಆದರೆ ಅದರ ಶಕ್ತಿ 286 ಕುದುರೆ. ಹೊಟ್ಟೆ ಒಂದೇ ಅಳತೆ, ಶಕ್ತಿಯಲ್ಲಿ 142 ಕುದುರೆಗಳ ಅಂತರ! ಒಂದು ಮನೆಗೆ, ಇನ್ನೊಂದು ರೇಸಿಗೆ ಉಸಿರಾಡುವಂತೆ ಕಟ್ಟಿದ್ದು. ಅಂತರ ಅಲ್ಲೇ ಇತ್ತು.

ನಿಮಿಷಕ್ಕೆ 94 ಡ್ರಮ್ ಗಾಳಿ!

ಲೆಕ್ಕ ಹಾಕೋಣ ಬನ್ನಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. 6,835 ಸಿಸಿ ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗಿದರೆ ಸುಮಾರು 18,800 ಲೀಟರ್ ಗಾಳಿ. ಅಂದರೆ 200 ಲೀಟರಿನ ಡ್ರಮ್ಮು 94! ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಹದಿನಾಲ್ಕೂವರೆ ಕಿಲೋಗೂ ಹೆಚ್ಚು ಗಾಳಿ ಬೇಕು. ದಾರಿಯಲ್ಲಿ ಎಲ್ಲಿ ಇರುಕು ಬಂದರೂ ಅಲ್ಲಿ ಕುದುರೆಗಳು ಸಾಯುತ್ತವೆ.

ಹಾಗಾದರೆ ಗೆಳೆಯನ ಕಾರಿಗೆ ಆದದ್ದೇನು? ಮೇಸ್ತ್ರಿ ಬಾನೆಟ್ ಎತ್ತಿದವರೇ ಹಣೆ ಚಚ್ಚಿಕೊಂಡರು.

ತಪ್ಪು ಒಂದು: ಕಾರ್ಖಾನೆಯವರು ಮುಂದಿನ ಗ್ರಿಲ್ ಹಿಂದಿನಿಂದ ತಣ್ಣನೆ ಗಾಳಿ ತರಲು ಒಂದು ಪೆಟ್ಟಿಗೆ ಇಟ್ಟಿದ್ದರು. ಅಂಗಡಿಯವನು ಅದನ್ನು ಕಿತ್ತು, ಕೆಂಪು ಫಿಲ್ಟರನ್ನು ಬಿಸಿ ಎಂಜಿನ್ನಿನ ಪಕ್ಕಕ್ಕೇ ಕೂರಿಸಿದ್ದ. ಬಿಸಿ ಗಾಳಿ ತೆಳು. 30 ಡಿಗ್ರಿ ಗಾಳಿಯ ಬದಲು 60 ಡಿಗ್ರಿ ಗಾಳಿ ಕುಡಿದರೆ ಎಂಜಿನ್ನಿಗೆ ನೂರಕ್ಕೆ ಒಂಬತ್ತರಷ್ಟು ಗಾಳಿ ಖೋತಾ! ಮೊದಲೇ ಬೆಂಗಳೂರು ಇರೋದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಲ್ಲಿ ಓಡಿದಷ್ಟು ಚುರುಕಾಗಿ ಇಲ್ಲಿ ಓಡೋದಿಲ್ಲ. ಅದರ ಮೇಲೆ ಈ ಬಿಸಿಯೂಟ!

ತಪ್ಪು ಎರಡು: ಆ ಡ್ರೈನೇಜ್ ಪೈಪು! ಹೊಗೆ ಹೊರಗೆ ಹೋಗೋದು ಒಂದೊಂದೇ ಬಡಿತದಲ್ಲಿ. ಅದು ರಭಸದಿಂದ ಸಾಗಿದರೆ ತನ್ನ ಹಿಂದೆ ಮಿಕ್ಕ ಹೊಗೆಯನ್ನೂ ಸೆಳೆದುಕೊಂಡು ಹೋಗುತ್ತದೆ, ಹೊಸ ಗಾಳಿಗೆ ಜಾಗ ಬಿಡುತ್ತದೆ. ಕೊಳವೆ ಅಳತೆ ಮೀರಿ ಅಗಲವಾದರೆ ರಭಸವೇ ಇಲ್ಲ. ಮೇಲಿನ ಸುತ್ತಿನಲ್ಲಿ ಏನೋ ನಾಲ್ಕು ಕುದುರೆ ಸಿಕ್ಕರೂ, ಏರಿನಲ್ಲಿ ಬೇಕಾದ ಕೆಳಗಿನ ಎಳೆತ ಹೋಯ್ತು.

ತಪ್ಪು ಮೂರು: ಅಳತೆ ಮಾಡದೇ ಇದ್ದದ್ದು. ಡೈನೋ ಎಂಬ ಉರುಳೆಯ ಮೇಲೆ ಕಾರು ನಿಲ್ಲಿಸಿ ಓಡಿಸಿದರೆ ಕುದುರೆ ಎಷ್ಟೆಂದು ಕಾಗದವೇ ಹೇಳುತ್ತದೆ. ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಇವನು ಕಿವಿಯಿಂದಲೇ ಅಳೆದ!

ಟರ್ಬೊ ಇರುವ ಇಂದಿನ ಕಾರುಗಳ ಮಾತು ಬೇರೆ. ಅಲ್ಲಿ ಉಸಿರಿನ ದಾರಿ ಸಲೀಸಾಗಿ, ಇಸಿಯು ಎಂಬ ಕಂಪ್ಯೂಟರಿಗೂ ಹೊಸ ಪಾಠ ಹೇಳಿಸಿದರೆ ನಿಜವಾಗಿಯೂ ಶಕ್ತಿ ಏರುತ್ತದೆ. ಟರ್ಬೊ ಇಲ್ಲದ ಕಾರಿಗೆ ಬರೀ ಫಿಲ್ಟರು, ಪೈಪು ಹಾಕಿದರೆ ಸಿಗೋದು ಚಿಲ್ಲರೆ ಮಾತ್ರ. ಎಎಂಜಿಯವರು ಪೈಪಿನಲ್ಲೇ ನಿಲ್ಲಲಿಲ್ಲ, ಕ್ಯಾಮ್ ಶಾಫ್ಟ್ ತನಕ ಇಳಿದರು ಅನ್ನೋದು ಮರೀಬೇಡಿ.

ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಕಾರಿನ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಸದ್ದು, ಹೊಗೆಯ ಮಿತಿ ಮೀರಿದರೆ ದಂಡ ಬೇರೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಕುದುರೆ ಕಟ್ಟಿದರೆ, ಅದರ ವಿಷ ಕುಡಿಯೋದು ಹಿಂದೆ ಬರುವ ಸ್ಕೂಟರಿನವರು, ಅವರ ಮುಂದೆ ನಿಂತ ಮಗು.

ಕಾರ್ಖಾನೆಯದೂ ಡಬ್ಬಿಂಗೇ!

ಗೆಳೆಯನನ್ನೊಬ್ಬನನ್ನೇ ನಗಬೇಡಿ. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಸೆಡಾನಿಗೆ ಟರ್ಬೊ ಎಂಜಿನ್, 560 ಕುದುರೆ. ಶಕ್ತಿ ಭರ್ಜರಿ, ಒಳಗೆ ಕೂತವರ ಕಿವಿಗೆ ಮಾತ್ರ ಸದ್ದು ಸಾಲದು! ಕಾರ್ಖಾನೆಯವರು ಏನು ಮಾಡಿದರು? ಎಂಜಿನ್ ಸದ್ದನ್ನು ಒಳಗಿನ ಸ್ಪೀಕರಿನಲ್ಲಿ ನುಡಿಸಿದರು! ಲೆಲೂಶ್ ಅವರ ಟ್ರಿಕ್ಕು ಮೂವತ್ತೈದು ವರ್ಷದ ಮೇಲೆ ಶೋರೂಮಿಗೇ ಬಂತು ನೋಡಿ.

ಇತ್ತ ಗೆಳೆಯನಿಗೆ ಪೆಟ್ಟು ಬಿದ್ದದ್ದು ಸೆಟ್ಟಿನಲ್ಲೇ. ಸಿಂಕ್ ಸೌಂಡ್ ಚಿತ್ರೀಕರಣ. ನಾಯಕ ಕಾರಿನಲ್ಲಿ ಬಂದು ಮಾತಾಡಬೇಕು. ಸೌಂಡಿನವರು ಹೆಡ್‌ಫೋನ್ ಕಿತ್ತು, 'ಈ ಕಾರು ಬೇಡ ಸಾರ್, ಹೀರೋ ಡೈಲಾಗೇ ಕೇಳಿಸ್ತಿಲ್ಲ' ಎಂದರು. ಬಾಡಿಗೆ ಖೋತಾ. ಅಂದು ಸಂಜೆ ಅವನು ಊಟ ಮಾಡಲಿಲ್ಲ. ಆ ಚೀಟಿ ಮಗಳ ಕಾಲೇಜು ಫೀಸಿಗೆ ಎಂದು ಕಟ್ಟುತ್ತಿದ್ದದ್ದು ಎಂದು ಆಗಲೇ ಬಾಯಿ ಬಿಟ್ಟ.

ಮೇಸ್ತ್ರಿ ಎರಡು ದಿನ ಕೂತರು. ಹಳೇ ಪೆಟ್ಟಿಗೆ, ಹಳೇ ಸೈಲೆನ್ಸರ್ ಗೂಡು ಸೇರಿದವು. ಫಿಲ್ಟರಿನ ಹಿಂದಿನ ರಬ್ಬರ್ ಕೊಳವೆ ಕೈಗೆ ತೆಗೆದುಕೊಂಡು ಬಾಗಿಸಿದರು. ಮಡಿಕೆಯೊಳಗೆ ಉದ್ದಕ್ಕೂ ಸೀಳು! ಮೊದಲಿನಿಂದ ಕಾರು ಮಂಕಾಗಿದ್ದಕ್ಕೆ ಕಾರಣ ಅದೇ. ಅಂಗಡಿಯವನು ಅದೇ ಹರಿದ ಕೊಳವೆಗೆ ಹೊಸ ಫಿಲ್ಟರ್ ಸಿಕ್ಕಿಸಿದ್ದ! ಹೊಸ ಕೊಳವೆ, ಹೊಸ ಫಿಲ್ಟರು, ಪ್ಲಗ್ಗು, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ. ನಂದಿಯ ಅದೇ ತಿರುವನ್ನು ಕಾರು ಸದ್ದಿಲ್ಲದೆ ಹತ್ತಿತು.

'ಹೊಸ ಕುದುರೆ ತರೋಕೆ ಮುಂಚೆ ಲಾಯದಲ್ಲಿರೋದನ್ನ ಎಣಿಸ್ಬೇಕಪ್ಪ' ಎಂದರು ಮೇಸ್ತ್ರಿ.

ಇನ್ನೊಂದು ಚಿತ್ರದವರು ಕಾರು ಕೇಳಿಕೊಂಡು ಬಂದರು. ಶೂಟಿಂಗ್ ಆಯಿತು. ಬಿಡುಗಡೆ ದಿನ ಇಬ್ಬರೂ ಮೊದಲ ಆಟಕ್ಕೆ ಹೋದೆವು. ತೆರೆಯ ಮೇಲೆ ಗೆಳೆಯನ ಕಾರು ತಿರುವು ದಾಟಿ ಬಂತು... ಥಿಯೇಟರ್ ಅದುರುವ ಹಾಗೆ ಗುಡುಗು! ಯಾವ ಕಾರಿನ ಸದ್ದೋ ತಂದು ಅಂಟಿಸಿದ್ದಾರೆ! ಮುಂದಿನ ಸಾಲಿನಲ್ಲಿ ಶಿಳ್ಳೆಯೋ ಶಿಳ್ಳೆ.

ಗೆಳೆಯ ನನ್ನ ಮುಖ ನೋಡಿದ. ಆಮೇಲೆ ಅವನೂ ಎರಡು ಬೆರಳು ಬಾಯಿಗಿಟ್ಟು ಒಂದು ಶಿಳ್ಳೆ ಹೊಡೆದ!