ಬಂಡೆಯೇರುವವರಿಗೆ ಉಂಗುರವೇಕೆ ಸಲ್ಲದು?

ಕಳೆದ ಚಳಿಗಾಲದಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಬಂಡೆಯೇರುವುದನ್ನು ಕಲಿಯಲು ರಾಮನಗರದ ಬೆಟ್ಟಗಳಿಗೆ ಹೋಗಿದ್ದೆನು. ಅಲ್ಲಿನ ಶಿಕ್ಷಕರು ಹಗ್ಗಕ್ಕಿಂತ ಮೊದಲು ನಮ್ಮ ಕೈಗಳನ್ನು ಪರೀಕ್ಷಿಸಿ, ಉಂಗುರ, ಬಳೆ, ಸರಗಳನ್ನೆಲ್ಲ ತೆಗೆದಿಡಲು ಹೇಳಿದರು. “ಇದು ಅಮ್ಮ ಕೊಟ್ಟದ್ದು ಸಾರ್, ಇಷ್ಟು ಸಣ್ಣ ಉಂಗುರದಿಂದ ಏನಾದೀತು?” ಎಂದು ಒಬ್ಬ ಹುಡುಗನು ನನ್ನನ್ನು ಕೇಳಿದನು. ಅವನ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿದೆ.

ಬಂಡೆಯೇರುವವನ ಕಾಲು ಜಾರಿತೆನ್ನೋಣ. ಹಿಡಿತ ತಪ್ಪುವಾಗ ಅವನ ಉಂಗುರವು ಕಲ್ಲಿನ ಮೊನೆಯೊಂದಕ್ಕೆ ಸಿಕ್ಕಿಕೊಂಡರೆ, 60 ಕಿಲೋಗ್ರಾಂ ತೂಕದ ದೇಹವೆಲ್ಲ ಒಂದೇ ಬೆರಳಿನಿಂದ ತೂಗುತ್ತದೆ. ಉಂಗುರದ ಒಳವ್ಯಾಸ 18 ಮಿಲಿಮೀಟರು, ದಪ್ಪ ಒಂದೂವರೆ ಮಿಲಿಮೀಟರು ಎಂದಿಟ್ಟುಕೊಳ್ಳಿ. ಬೆರಳಿನ ಮಾಂಸಕ್ಕೆ ಅಡ್ಡನಿಲ್ಲುವ ಅದರ ಅಂಚಿನ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿಗಿಂತಲೂ ಕಡಿಮೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಒತ್ತಡ. ಇಲ್ಲಿ ಅದು ವಾಯುಮಂಡಲದ ಒತ್ತಡದ 60 ಮಡಿಗೂ ಮಿಕ್ಕಿದ್ದು. ದೇಹವು ಕೆಲವು ಅಂಗುಲ ಬಿದ್ದ ಮೇಲೆ ಉಂಗುರ ಸಿಕ್ಕಿದರೆ ಸೆಳೆತ ಇನ್ನೂ ಹೆಚ್ಚು.

ಚಿನ್ನವು ಮೃದುವಾದ ಲೋಹವಾದ್ದರಿಂದ ಉಂಗುರವೇ ತುಂಡಾದೀತೆಂದು ತೋರಬಹುದು. ಆದರೆ ಶುದ್ಧ ಚಿನ್ನವೂ ಚದರ ಮಿಲಿಮೀಟರಿಗೆ ಸುಮಾರು 12 ಕಿಲೋಗ್ರಾಂ ಭಾರವನ್ನು ತಡೆಯುತ್ತದೆ. 4 ಮಿಲಿಮೀಟರು ಅಗಲದ ಈ ಉಂಗುರದ ಎರಡು ಪಕ್ಕಗಳೂ ಸೇರಿ 140 ಕಿಲೋಗ್ರಾಂ ಭಾರವನ್ನು ಹೊರಬಲ್ಲವು. ಮೊದಲು ಸೋಲುವುದು ಬೆರಳು. ಚರ್ಮವು ಕೈಗವುಸಿನಂತೆ ಸುಲಿದು ಬರುತ್ತದೆ. ಅದರೊಡನೆ ರಕ್ತನಾಳಗಳೂ ನರಗಳೂ ಹರಿಯುತ್ತವೆ. 1981ರಲ್ಲಿ ಅರ್ಬಾನಿಯಾಕ್ ಮತ್ತು ಸಂಗಡಿಗರು ಇಂತಹ ಗಾಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು: ರಕ್ತಸಂಚಾರ ಸಾಕಷ್ಟು ಉಳಿದದ್ದು, ಸಾಲದಾದದ್ದು, ಚರ್ಮ ಪೂರ್ತಿ ಸುಲಿದದ್ದು ಅಥವಾ ಬೆರಳೇ ಬೇರ್ಪಟ್ಟದ್ದು. ಬೆರಳು ಬೇರ್ಪಟ್ಟರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಗಾಯಾಳುವಿನೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಂಜುಗಡ್ಡೆಯು ಬೆರಳಿಗೆ ನೇರವಾಗಿ ತಾಗಕೂಡದು.

ನಮ್ಮ ಹುಡುಗನು ಸಾಬೂನು ಹಚ್ಚಿ ಉಂಗುರವನ್ನು ತೆಗೆದನು. ಅದನ್ನು ಕೊರಳದಾರಕ್ಕೆ ಕಟ್ಟಿಕೊಳ್ಳಲೇ ಎಂದು ಕೇಳಿದಾಗ, ದಾರವೂ ಹಗ್ಗಕ್ಕೆ ತೊಡರಬಹುದೆಂದು ಶಿಕ್ಷಕರು ತಡೆದರು. ಉಂಗುರ ನನ್ನ ಜೇಬು ಸೇರಿತು. ಸಂಜೆ ಕೆಳಗಿಳಿದ ಮೇಲೆ ಅದು ಅವನ ಬೆರಳಿಗೆ ಹಿಡಿಸಲಿಲ್ಲ: ದಿನವೆಲ್ಲ ಬಂಡೆ ಹಿಡಿದು ಬೆರಳು ಊದಿಕೊಂಡಿತ್ತು. ತೆಗೆಯದೆ ಇದ್ದಿದ್ದರೆ ಅದು ರಕ್ತಸಂಚಾರವನ್ನು ಬಿಗಿಯುತ್ತಿತ್ತೆಂದು ವಿವರಿಸಬೇಕಾಗಲಿಲ್ಲ. ಅವನೇ ಬೆರಳನ್ನೂ ಉಂಗುರವನ್ನೂ ಬಹಳ ಹೊತ್ತು ನೋಡುತ್ತ ಕುಳಿತಿದ್ದನು.