‘ಟೇಕ್ ಓವರ್’ ಅಂದ್ರೆ ವಹಿಸಿಕೊಳ್ಳೋದಾ, ಕಿತ್ಕೊಳ್ಳೋದಾ?

ಕೆ.ಆರ್.ಪೇಟೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿದ್ದ. ‘ಅಣ್ಣಾ, ಟೇಕ್ ಓವರ್‌ಗೆ ಗೈಡಲ್ಲಿ ವಹಿಸಿಕೊಳ್ಳು ಅಂತ ಕೊಟ್ಟವ್ರೆ, ಸರೀನಾ?’ ಸರಿ ಅಂದೆ. ಫೋನ್ ಇಟ್ಟ ಮೇಲೆ ಅರ್ಧ ಮಾತ್ರ ಸರಿ ಅನ್ನಿಸಿತು.

ಟೇಕ್ ಅಂದರೆ ತೆಗೆದುಕೊಳ್ಳುವುದು. ಪಕ್ಕಕ್ಕೆ ಓವರ್ ಸೇರಿದರೆ, ಒಬ್ಬರ ಕೈಲಿದ್ದ ಹಿಡಿತ ಇನ್ನೊಬ್ಬರ ಕೈಗೆ ಹೋಯಿತು ಅಂತ. ಅವರಾಗೇ ಕೊಟ್ಟರೋ, ಇವರು ಕಿತ್ತುಕೊಂಡರೋ ಅನ್ನೋದನ್ನ ಆ ಎರಡು ಪದ ಹೇಳುವುದಿಲ್ಲ. ಕನ್ನಡ ಹಾಗೆ ಸುಮ್ಮನಿರಲ್ಲ. ವಹಿಸಿಕೊಂಡ್ರು, ವಶಪಡಿಸಿಕೊಂಡ್ರು, ಕಿತ್ಕೊಂಡ್ರು, ನುಂಗಿದ್ರು - ಯಾವುದನ್ನು ಆರಿಸಿಕೊಂಡರೂ ನೀವು ಯಾರ ಪರ ಅಂತ ಗೊತ್ತಾಗಿಬಿಡುತ್ತೆ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತ, ಕೋಟೆ ಕಂಪನಿಯ ಪಾಲಾಯಿತು. 1831ರಲ್ಲಿ ನಗರದ ದಂಗೆಯ ನೆಪ ಹೇಳಿ ಅದೇ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಟುಕ್ ಓವರ್’ ನಡೆಯುತ್ತೆ. ಮೊದಲನೆಯದು ನೇರವಾಗಿ ಯುದ್ಧ. ಎರಡನೆಯದು ‘ನಿಮಗೆ ನಡೆಸೋಕೆ ಬರಲ್ಲ, ನಾವು ನೋಡ್ಕೋತೀವಿ’ ಅನ್ನುವ ಜಾತಿಯದು. ಹಾಗೆ ನೋಡಿಕೊಂಡಿದ್ದು 1881ರವರೆಗೆ, ಬರೋಬ್ಬರಿ 50 ವರ್ಷ!

ಇನ್ನು ವ್ಯಾಕರಣ. ‘ಆಸ್’ ಬಂದರೆ ಹುದ್ದೆ, ‘ಫ್ರಂ’ ಬಂದರೆ ಕಳೆದುಕೊಂಡವರು ಅಥವಾ ಬಿಟ್ಟುಕೊಟ್ಟವರು. 2019ರ ಜುಲೈನಲ್ಲಿ ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪ ಟುಕ್ ಓವರ್ ಆಸ್ ಚೀಫ್ ಮಿನಿಸ್ಟರ್, ಫ್ರಂ ಕುಮಾರಸ್ವಾಮಿ. ವಾಕ್ಯ ಸರಿಯಾಗೇ ಇದೆ. ಆದರೆ ನಡುವೆ ರಾಜೀನಾಮೆ ಕೊಟ್ಟು ಸರ್ಕಾರ ಬೀಳಿಸಿದ ಶಾಸಕರು ಅದರಲ್ಲಿ ಕಾಣಲ್ಲ. ಅವರಲ್ಲಿ ಕೆ.ಆರ್.ಪೇಟೆಯ ಶಾಸಕರೂ ಒಬ್ಬರು.

ನಾಗಮಂಗಲದ ನಮ್ಮ ಭಾವ ಇಂಗ್ಲಿಷ್ ಮಾತಾಡಲ್ಲ, ಆದ್ರೆ ‘ಒಡವೆ ಸಾಲ ಟೇಕೋವರ್ ಮಾಡಿಸ್ದೆ’ ಅಂತಾರೆ. ಫೈನಾನ್ಸಿನವರ ಬಾಕಿಯನ್ನು ಬ್ಯಾಂಕ್ ತೀರಿಸಿ, ಒಡವೆಯನ್ನು ತನ್ನ ಬೀರುವಿಗೆ ಇಟ್ಟುಕೊಳ್ಳುತ್ತೆ. ಬಡ್ಡಿ ಕಮ್ಮಿಯಾಗಬಹುದು, ಸಾಲ ಮಾತ್ರ ಭಾವನದ್ದೇ. (ಹೈವೇಲಿ ಬಸ್ಸು ಕಾರನ್ನ ಹಿಂದೆ ಹಾಕೋದು ಓವರ್‌ಟೇಕ್. ಅದೇ ಎರಡು ಪದ ತಿರುಗಿಸಿದ್ದಷ್ಟೇ, ಅರ್ಥ ಬೇರೆ.)

ನನಗೆ ನಿಜಕ್ಕೂ ಚುಚ್ಚಿದ್ದು ಪಾಂಡವಪುರದ್ದು. ರೈತರ ಷೇರಿನ ಸಹಕಾರಿ ಸಕ್ಕರೆ ಕಾರ್ಖಾನೆ ಪಿಎಸ್ಎಸ್‌ಕೆ ನಿಂತುಹೋಗಿತ್ತು. 2020ರಲ್ಲಿ ಅದನ್ನು ನಿರಾಣಿ ಶುಗರ್ಸ್‌ಗೆ 40 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಟೀ ಅಂಗಡೀಲಿ ಕೇಳಿದರೆ ‘ನಿರಾಣಿಯೋರು ಟೇಕೋವರ್ ಮಾಡ್ಕಂಡ್ರು’ ಅಂತಾರೆ. ಕೇಳಿದವರಿಗೆ ಮಾರಿಬಿಟ್ಟರು ಅಂತಲೇ ಅನ್ನಿಸೋದು. ಮಾರಿಲ್ಲ. ಗುತ್ತಿಗೆ ಅಂದರೆ ನಡೆಸುವ ಹಕ್ಕು ಅವರಿಗೆ, ಒಡೆತನ ಇವರಿಗೆ. ಕಬ್ಬು ಅರೆಯೋದು ಶುರುವಾಗಿದ್ದು ಒಳ್ಳೇದೇ ಆಯ್ತು ಅನ್ನೋ ಬೆಳೆಗಾರರಿದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕಲ್ಲ. ಆದರೆ ‘ಹೋಯ್ತು ಬಿಡು’ ಅಂದುಕೊಂಡ ಷೇರುದಾರ ಸಭೆಗೂ ಹೋಗಲ್ಲ, ಲೆಕ್ಕವನ್ನೂ ಕೇಳಲ್ಲ. ಗುತ್ತಿಗೆ ಮುಗಿಯೋದು 2060ಕ್ಕೆ, ಅಷ್ಟೊತ್ತಿಗೆ ಷೇರು ಪತ್ರ ಯಾವ ಮೊಮ್ಮಗನ ಟ್ರಂಕಿನಲ್ಲಿರುತ್ತೋ.

ತಮ್ಮನಿಗೆ ವಾಪಸ್ ಫೋನ್ ಮಾಡಿದೆ. ‘ಪರೀಕ್ಷೇಲಿ ವಹಿಸಿಕೊಳ್ಳು ಅಂತಾನೇ ಟಿಕ್ ಹಾಕು. ಪೇಪರಲ್ಲಿ ಆ ಪದ ಕಂಡ್ರೆ ಏನನ್ನ, ಯಾರಿಂದ, ಎಷ್ಟು ವರ್ಷಕ್ಕೆ ಅಂತ ಹುಡುಕು’ ಅಂದೆ.

‘ಅಷ್ಟೊಂದು ಯಾವ್ ಪೇಪರಲ್ಲಿ ಬರೀತಾರಣ್ಣ?’ ಅಂದ.