ಮಗ ಅಗ್ನಿಶಾಮಕ ದಳಕ್ಕೆ ಸೇರುತ್ತೇನೆಂದರೆ...

"ಫೈರ್ ಸ್ಟೇಷನ್ ಕೆಲಸಕ್ಕೆ ಅರ್ಜಿ ಹಾಕ್ತೀನಮ್ಮಾ" ಎಂದು ಮಗ ಹೇಳಿದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತೆ, ಅಲ್ಲವೇ? "ಬೇರೆ ಕೆಲಸ ಸಿಗಲಿಲ್ವೇನೋ" ಎಂದು ಗದರುವ ಮೊದಲು ಸ್ವಲ್ಪ ಕೇಳಿ.

ಬೆಂಗಳೂರಿನ ಪುಟ್ಟೇನಹಳ್ಳಿಗೆ ಹತ್ತಿರದ ಯಲಹಂಕದಲ್ಲಿ 2019ರ ಫೆಬ್ರವರಿ 23ರಂದು ವೈಮಾನಿಕ ಪ್ರದರ್ಶನ ನಡೆದಿತ್ತು. ಕಾರು ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟುಹೋದವು. ಆದರೆ ಒಂದು ಜೀವವೂ ಹೋಗಲಿಲ್ಲ. ಅಂಥ ಹೊಗೆಯೊಳಕ್ಕೆ ನುಗ್ಗುವವರಿಗೆ ಬರೀ ಧೈರ್ಯ ಸಾಲದು, ತಯಾರಿ ಬೇಕು.

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಪಾಸಾಗಿ, 18 ವರ್ಷ ತುಂಬಿರಬೇಕು. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆ, ವೈದ್ಯಕೀಯ ತಪಾಸಣೆ ಮೂರೂ ಉಂಟು. ಎತ್ತರ, ತೂಕದ ಜೊತೆ ಎದೆಯಳತೆಯನ್ನೂ ನೋಡುತ್ತಾರೆ. ಉಸಿರೆಳೆದಾಗ ಎದೆ 5 ಸೆಂ.ಮೀ. ಹಿಗ್ಗಬೇಕು. ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು ಮೆಟ್ಟಿಲು ಹತ್ತುವವನಿಗೆ ಶ್ವಾಸಕೋಶವೇ ಬಂಡವಾಳ ನೋಡಿ! ಅರ್ಜಿ ಕರೆದ ಮೇಲೆ ಓಡಲು ಶುರುಮಾಡಿದರೆ ಆಗದು. ಮುದ್ದೆ, ಸೊಪ್ಪು, ಕಾಳು ಉಣ್ಣಿಸಿ. ಬೆಳಿಗ್ಗೆ ಬೇಗ ಎಬ್ಬಿಸಿ ಓಡಲು ಕಳಿಸಿ. ವಯೋಮಿತಿ, ಮೀಸಲಾತಿಗಳ ವಿವರಕ್ಕೆ ಆಯಾ ವರ್ಷದ ಪ್ರಕಟಣೆಯನ್ನು ನೀವೂ ಓದಿ.

ಆಯ್ಕೆಯಾದವರನ್ನು ನೇರ ಬೆಂಕಿಗೆ ತಳ್ಳುವುದಿಲ್ಲ. ಏಣಿ, ಹಗ್ಗ, ನೀರಿನ ಪೈಪು, ಪ್ರಥಮ ಚಿಕಿತ್ಸೆ ಎಲ್ಲವನ್ನೂ ಕಲಿಸಿಯೇ ಕಳಿಸುತ್ತಾರೆ.

ಮಗಳು ಕೇಳಿದರೆ? 2002ರಲ್ಲೇ ಹರ್ಷಿಣಿ ಕನ್ಹೇಕರ್ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ಸೇರಿದ ಮೊದಲ ಹುಡುಗಿಯಾದರು.

ಬೇಡ ಅನ್ನೋದು ಸುಲಭ. ಆದರೆ ನಾವು 101ಕ್ಕೆ ಫೋನು ಮಾಡಿದಾಗ ಓಡಿಬರುವವರೂ ಯಾರೋ ಒಬ್ಬ ತಾಯಿಯ ಮಕ್ಕಳೇ ತಾನೇ?